ಮಲಯಾ ರಂಗಪ್ಪನವರ ಹೊಂದಾಣಿಕೆ

ಮಲಯಾ ರಂಗಪ್ಪನವರು ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದಿದ್ದನ್ನು ನಾನು ನೋಡಿದ್ದೇ ಇಲ್ಲ. ತುಮಕೂರಿನ ನಮ್ಮ ಪತ್ರಿಕಾ ಕಚೇರಿಗೆ ವಾರಕ್ಕೊಮ್ಮೆ ಬಂದು, ಮದರಾಸಿನ ಇಂಗ್ಲಿಷ್ ಪತ್ರಿಕೆಗಳ ಕಟ್ಟು ಎತ್ತಿಕೊಂಡು, ಬಾಗಿಲಿಂದ ಕಿಟಕಿಗೂ ಕಿಟಕಿಯಿಂದ ಬಾಗಿಲಿಗೂ ನಡೆಯುತ್ತಲೇ ಓದುತ್ತಿದ್ದರು. ಹುಡುಕುತ್ತಿದ್ದುದು ಮಲೇಷ್ಯಾದ, ಹಳಬರ ಬಾಯಲ್ಲಿ ಮಲಯಾದ, ಸುದ್ದಿ. ಹೆಚ್ಚಿನ ವಾರ ಏನೂ ಇರುತ್ತಿರಲಿಲ್ಲ. "ಸುದ್ದಿ ಇಲ್ಲ ಅಂದ್ರೆ ಅಲ್ಲಿ ಶಾಂತವಾಗಿದೆ ಅಂತ ತಾನೇ?" ಎಂದು ಕೇಳುವರು. ಉತ್ತರಕ್ಕೆ ಕಾಯುತ್ತಿರಲಿಲ್ಲ.

ಹರೆಯದಲ್ಲೇ ಅಲ್ಲಿಗೆ ಹೋಗಿ ರಬ್ಬರ್ ತೋಟವೊಂದರಲ್ಲಿ ಗುಮಾಸ್ತರಾಗಿದ್ದವರು. ಬಿಡುವಿನಲ್ಲಿ ಭಾರತೀಯರ ಪಕ್ಷದ ಶಾಖೆಯ ಬರವಣಿಗೆ ನೋಡಿಕೊಳ್ಳುತ್ತಿದ್ದರು. ಅರವತ್ತೊಂಬತ್ತರಲ್ಲಿ ಮಲಯರಿಗೂ ಚೀನೀಯರಿಗೂ ನಡೆದ ಗಲಭೆಯಲ್ಲಿ ಕೌಲಾಲಂಪುರ ಉರಿದದ್ದನ್ನು ಕಂಡಿದ್ದರು. ಆಮೇಲೆ ಕೆಲಸದ ಪರವಾನಗಿ ಸಿಗದೆ ಊರಿಗೆ ಮರಳಿದರು.

"ಮಲಯರು, ಚೀನದೋರು, ನಮ್ಮೋರು. ಮೂರು ಪಕ್ಷ, ಓಟಿಗೆ ಮಾತ್ರ ಒಂದೇ ಗುರುತು. ಜಗಳ ಎಲ್ಲಾ ರೂಮಿನೊಳಗೆ, ಹೊರಗೆ ಬಂದ್ರೆ ನಗ್ತಾ ಫೋಟೋ. ಆ ಹೊಂದಾಣಿಕೆ ಮುರಿದು ಬೀಳೋ ಹಂಗಾದಾಗ್ಲೇ ಕಣ್ರೀ ಬೆಂಕಿ ಬಿದ್ದಿದ್ದು," ಎನ್ನುತ್ತಿದ್ದರು.

ಅವರ ಊರು ಗುಬ್ಬಿಯಿಂದ ಮುಂದೆ ಬಸ್ಸಿನಲ್ಲಿ ಹೋಗಬೇಕಾದ ಸಣ್ಣ ಪೇಟೆ. ಹೆಸರು ಬರೆಯುವುದಿಲ್ಲ, ಅಂದಿನವರ ಮಕ್ಕಳು ಅಲ್ಲೇ ಇದ್ದಾರೆ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಪುರಸಭೆಗೆ ರಂಗಪ್ಪನವರು ಪಕ್ಷೇತರರಾಗಿ ಗೆದ್ದರು. ಯಾರಿಗೂ ಬಹುಮತವಿಲ್ಲ. ಹೋಟೆಲಿನಲ್ಲಿ ಒಬ್ಬ ಕೆಣಕಿದ: "ಏನ್ ರಂಗಪ್ಪನೋರೆ, ಇಲ್ಲಿಗೂ ಚೀನದೋರ್ನ ಕರ್ಕೊಂಡ್ ಬರ್ತೀರಾ?"

"ನೀವ್ ನೀವೇ ಮಾತಾಡ್ಸಲ್ಲ ಒಬ್ರನ್ನೊಬ್ರು. ಚೀನದೋರು ಬೇರೆ ಬೇಕೇನಯ್ಯಾ?"

ಮನೆಯಿಂದ ಮನೆಗೆ ಅಲೆದು ಅವರು ಒಂದು ಹೊಂದಾಣಿಕೆ ಕುದುರಿಸಿದರು. ಅವಧಿಯ ಮೊದಲರ್ಧ ಅಕ್ಕಿ ಗಿರಣಿಯ ನಂಜುಂಡಪ್ಪ ಅಧ್ಯಕ್ಷ, ಉಳಿದರ್ಧ ಕೆಳಗಿನ ಕೇರಿಯಿಂದ ಗೆದ್ದ ಹನುಮಂತಯ್ಯ. ದಲಿತರೊಬ್ಬರು ಆ ಕುರ್ಚಿಯಲ್ಲಿ ಕೂರುವುದು ಅಲ್ಲಿ ಅದೇ ಮೊದಲಾಗುತ್ತಿತ್ತು. ಕೇರಿಗೆ ನಲ್ಲಿ ನೀರು ಬರಬೇಕಾದರೆ ಅದೊಂದೇ ದಾರಿ ಎಂದು ಹನುಮಂತಯ್ಯ ನಂಬಿದ್ದರು.

ಇಂಥ ಒಪ್ಪಂದಕ್ಕೆ ನಮ್ಮ ಕಡೆ ದೇವರ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡುವ ವಾಡಿಕೆ. ವರದಿಗೆಂದು ನಾನೂ ಹೋಗಿದ್ದೆ. ಸದಸ್ಯರೆಲ್ಲ ಗುಡಿಯೊಳಗೆ ಹೋದರು. ಇನ್ನೊಬ್ಬ ಸದಸ್ಯ ಖಾದರ್ ಸಾಬರನ್ನೂ ರಂಗಪ್ಪನವರು ಕೈಹಿಡಿದು ಕರೆದೊಯ್ದರು. ಸಾಬರು ನಗುತ್ತಲೇ ಕರ್ಪೂರ ಮುಟ್ಟಿದರು. ಹನುಮಂತಯ್ಯ ಮಾತ್ರ ಅಂಗಳದ ಕಲ್ಲಿನ ಬಳಿ ನಿಂತಿದ್ದರು. ಯಾರೂ ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಒಳಗಿನಿಂದ ತಂದ ಮಂಗಳಾರತಿಗೆ ಅಲ್ಲಿಂದಲೇ ಕೈಮುಗಿದರು.

ಅರ್ಧ ಅವಧಿ ಮುಗಿಯಿತು. ನಂಜುಂಡಪ್ಪ ರಾಜೀನಾಮೆ ಕೊಡಲಿಲ್ಲ. ರಂಗಪ್ಪನವರು ಗಿರಣಿಗೇ ಹೋಗಿ ಕೇಳಿದರು, ನಾನೂ ಜೊತೆಗಿದ್ದೆ.

"ಆಣೆ ತಪ್ಪಿದ್ರೆ ನನ್ನ ವಂಶಕ್ಕೇ ಒಳ್ಳೇದಲ್ಲ," ಎಂದ ನಂಜುಂಡಪ್ಪ, ನಿಧಾನವಾಗಿ. "ಆದ್ರೆ ಆಣೆ ಆಗಿದ್ದು ಒಳಗಿದ್ದೋರ ಮಧ್ಯೆ ಅಲ್ವಾ? ಅವ್ನೆಲ್ಲಿ ಕರ್ಪೂರ ಮುಟ್ಟಿದ? ನೀವೇ ಹೇಳಿ. ಅವತ್ತು ನನ್ನ ಪಕ್ಕದಲ್ಲೇ ಇದ್ರಲ್ಲಾ."

ರಂಗಪ್ಪನವರು ತಮ್ಮ ಕೊಡೆ ಎತ್ತಿಕೊಂಡು ತಿರುಗಿದರು. ಹೊರಗೆ ಬಂದು ರಸ್ತೆಯಲ್ಲಿ ಎಷ್ಟು ಬಿರುಸಾಗಿ ನಡೆದರೆಂದರೆ ನಾನು ಓಡಬೇಕಾಯಿತು. ಅದೇ ವಾರ ಅವರೂ ಸಾಬರೂ ಬೆಂಬಲ ಹಿಂತೆಗೆದರು. ನಂಜುಂಡಪ್ಪನ ಅಧಿಕಾರ ಬಿತ್ತು. ಬೇರೆ ಯಾರಿಗೂ ಬಹುಮತ ಕೂಡಿಬರದೆ, ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಿತು. ಕೇರಿಯ ನೀರಿನ ಮಾತು ಅಲ್ಲಿಗೇ ನಿಂತಿತು.

ಗೆದ್ದವರಂತೆ ಸುದ್ದಿ ಹೇಳಲು ಹೋದ ರಂಗಪ್ಪನವರನ್ನು ಹನುಮಂತಯ್ಯ ಜಗಲಿಯ ಮೇಲಿಂದ ಏಳದೆಯೇ ಕೇಳಿದರು: "ಕಟ್ಟೋವಾಗ್ಲೂ ನೀವೇ, ಕೆಡವೋವಾಗ್ಲೂ ನೀವೇ. ನನ್ನೊಂದ್ ಮಾತು ಕೇಳಿದ್ರಾ ಸ್ವಾಮಿ?"

"ನಿನ್ ಸಲುವಾಗೇ ಕಣಯ್ಯಾ..."

"ಅದನ್ನ ನನ್ನೆದುರಿಗಲ್ಲ, ಕೇರಿಯೋರೆಲ್ರ ಎದುರಿಗೆ ಹೇಳಿ."

ಹೇಳಿದರು. ಒಂದು ಸಂಜೆ ಕೇರಿಯ ಲೈಟುಕಂಬದ ಕೆಳಗೆ ಜನ ಸೇರಿದಾಗ ಆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು. ಒಬ್ಬ ಅಜ್ಜಿ ಕೇಳಿದಳು: "ಅಲ್ಲ ಬುಡಪ್ಪ, ಆ ಮಲಯಾದಾಗೆ ನಮ್ಮಂಥೋರು ಇರ್ಲಿಲ್ವಾ?"

"ಇದ್ರು ತಾಯಿ. ರಬ್ಬರ್ ತೋಟದ ಕೂಲಿಗಳ ಲೈನ್ ಮನೆಗಳಲ್ಲಿ. ಅವರ ಹೆಸರು ಹೇಳೇ ನಮ್ ಪಕ್ಷ ಪಾಲು ಕೇಳ್ತಿತ್ತು."

"ಪಾಲು ಬಂತಾ ಅವ್ರಿಗೆ?"

ರಂಗಪ್ಪನವರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಮಂತ್ರಿಗಳಾದೋರು ಬಂಗ್ಲೆ ಕಟ್ಟಿದ್ರು," ಎಂದರು. "ಲೈನ್ ಮನೆ ಹಂಗೇ ಇತ್ತು."

ನಾನು ಅವರನ್ನು ಕಂಡದ್ದು ಅದೇ ಕೊನೆ. ಮುಂದಿನ ಚುನಾವಣೆ ಬರುವ ಮೊದಲೇ, ಕುಣಿಗಲ್ಲಿನ ಮಗಳ ಮನೆಯಲ್ಲಿ ತೀರಿಕೊಂಡರು. ಹನುಮಂತಯ್ಯ ಮತ್ತೆ ಗೆದ್ದರು. ಈ ಬಾರಿಯೂ ಯಾರಿಗೂ ಬಹುಮತವಿರಲಿಲ್ಲ. ಯಾರ ಜೊತೆ ಹೊಂದಾಣಿಕೆ ಎಂದು ಕೇಳಿದೆ.

"ಯಾರಾದ್ರೂ ಸೈ," ಎಂದರು. "ಮಾತುಕತೆ ಮಾತ್ರ ನಮ್ ಕೇರೀಲಿ. ಮನೆ ಒಳಗಡೆ ಬಂದು ಕೂತ್ಕೋಬೇಕು."