ಆಳವನ್ನು ಅಳೆಯುವುದು ಎಲ್ಲಿಂದ?

ಗ್ಯಾಸ್ ಸಿಲಿಂಡರಿನೊಳಗೆ ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು ನಮ್ಮಂಥ ಹೆಂಗಸರಿಗೆ ಒಂದು ಉಪಾಯ ಗೊತ್ತು. ಒದ್ದೆ ಬಟ್ಟೆಯಿಂದ ಅದರ ಹೊಟ್ಟೆಯನ್ನು ಸುತ್ತಲೂ ಒರೆಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯಬೇಕು. ಮೇಲಿನ ಖಾಲಿ ಭಾಗ ಬೇಗ ಆರುತ್ತದೆ. ಒಳಗೆ ಅನಿಲವು ದ್ರವವಾಗಿ ಕುಳಿತಿರುವಷ್ಟು ಭಾಗ ಮಾತ್ರ ಇನ್ನೂ ತುಸು ಹೊತ್ತು ಒದ್ದೆಯಾಗಿಯೇ ಇರುತ್ತದೆ. ಆರಿದ್ದಕ್ಕೂ ಆರದ್ದಕ್ಕೂ ನಡುವೆ ಮೂಡುವ ಆ ಗೆರೆಯನ್ನು ನೋಡಿಯೇ ನಾನು ಈ ವಾರ ಒಬ್ಬಟ್ಟಿಗೆ ಬೇಳೆ ಹಾಕಬಹುದೋ, ಇಲ್ಲ ಚಿತ್ರಾನ್ನದಲ್ಲೇ ದಿನ ತಳ್ಳಬೇಕೋ ಎಂದು ತೀರ್ಮಾನಿಸುವುದು. ಕಾನ್ವೆಂಟಿನ ಸಿಸ್ಟರುಗಳು ನಮಗೆ ಫೋರ್ಕು ಯಾವ ಕಡೆ, ಸ್ಪೂನು ಯಾವ ಕಡೆ ಎಂದು ಕಲಿಸಿದರೇ ಹೊರತು, ಪಾಪ, ಇಂಥ ಯೂಸ್‌ಫುಲ್ ಸಂಗತಿಯನ್ನು ಕಲಿಸಲಿಲ್ಲ.

ನನ್ನ ಕಣ್ಣಿನ ಪೊರೆಯ ಆಪರೇಷನ್ ಆದಾಗ ನೋಡಿಕೊಳ್ಳಲೆಂದು ತಮ್ಮನ ಮಗಳು ಛಾಯಾ ನಂಜನಗೂಡಿಗೆ ಬಂದಿದ್ದಳು. ಜೊತೆಗೆ ತನ್ನ ಆಫೀಸನ್ನೂ ಲ್ಯಾಪ್‌ಟಾಪಿನಲ್ಲಿ ಮಡಿಸಿಕೊಂಡು ತಂದಿದ್ದಳು. ನಾನು ಸಿಲಿಂಡರ್ ಒರೆಸುವುದನ್ನು ಕಂಡು ಅವಳಿಗೆ ನಗು ಬಂತು.

"ಅತ್ತೆ, ನೀವು ಮಾಡ್ತಿರೋದೂ ನಾನು ಸಂಬಳ ತಗೊಂಡು ಮಾಡೋದೂ ಒಂದೇ ಕೆಲ್ಸ."

"ಹಾಗಾದ್ರೆ ನಿಂಗೆ ಎಷ್ಟುದ್ದದ ಒದ್ದೆ ಬಟ್ಟೆ ಬೇಕೇ ತಾಯಿ?" ಎಂದೆ.

ಅವಳದು ಎಣ್ಣೆ ಮತ್ತು ಅನಿಲದ ಕಂಪನಿ. ನೆಲವನ್ನು ಪಾತಾಳದವರೆಗೆ ಕೊರೆದ ಮೇಲೆ ಆ ಬಾವಿಯೊಳಗೆ ಕೇಬಲ್ಲಿಗೆ ಕಟ್ಟಿದ ಉಪಕರಣವೊಂದನ್ನು ಇಳಿಸುತ್ತಾರಂತೆ. ಅದನ್ನು ಮೇಲಕ್ಕೆಳೆದಂತೆ ಒಂದೊಂದು ಪದರದ ಸುದ್ದಿಯೂ ಗೆರೆಯಾಗಿ ಮೂಡುತ್ತದೆ: ಇಲ್ಲಿ ಜೇಡಿ, ಇಲ್ಲಿ ಮರಳುಗಲ್ಲು, ಈ ಮರಳುಗಲ್ಲಿನ ಸಂದಿಗಳಲ್ಲಿ ಅನಿಲ, ಅದರ ಅಡಿಯಲ್ಲಿ ಬರೀ ಉಪ್ಪುನೀರು. ಹೊಸ ಬಾವಿಯನ್ನು ಎಲ್ಲಿ ಕೊರೆಯಬೇಕು, ಹಳೆಯದರಲ್ಲಿ ಯಾವುದನ್ನು ಶಾಶ್ವತವಾಗಿ ಮುಚ್ಚಬೇಕು ಎಂಬ ದೊಡ್ಡ ದೊಡ್ಡ ಡಿಸಿಷನ್ನುಗಳೆಲ್ಲ ಆ ಗೆರೆಗಳ ಮೇಲೆ ನಿಂತಿವೆ. ನನ್ನ ಹೊಸ ಕಣ್ಣಿಗೆ ಅವು ಸೀರೆಯ ಅಂಚಿನಿಂದ ಬಿಚ್ಚಿಬಿದ್ದ ಬಣ್ಣದ ಎಳೆಗಳಂತೆ ಕಂಡವು.

"ನಮ್ಮೂರ ಪಕ್ಕದ ತಾಂಡ್ಯದ ಫ್ಯಾಕ್ಟರಿಗಳ ಸೂರಿನ ಮೇಲೂ ಈಗ ಸೋಲಾರ್ ಹಲಗೆ ಬಂತು, ನೀನಿನ್ನೂ ಪಾತಾಳ ಕೆದಕ್ತಾ ಕೂತಿದ್ದೀಯಲ್ಲೇ" ಎಂದು ಕೆಣಕಿದೆ.

"ಎಲ್ಲಾ ಬಿಸಿಲಿಂದಾನೇ ನಡಿಯೋ ಕಾಲ ಬರೋವರ್ಗೂ ಅಡುಗೆ ಆಗ್ಬೇಕಲ್ಲ ಅತ್ತೆ? ಹೊಸದಾಗಿ ಭೂಮೀನ ಚುಚ್ಚೋಕ್ಮುಂಚೆ ಹಳೇ ಬಾವಿಗಳು ಹೇಳೋದನ್ನ ಪೂರ್ತಿ ಕೇಳಿಸ್ಕೊಂಡ್ರೆ, ಎಷ್ಟೋ ಕಡೆ ಚುಚ್ಚೋದೇ ತಪ್ಪತ್ತೆ."

ಈ ಮಾತು ನನಗೆ ಹಿಡಿಸಿತು. ನಾವು ಹೆಂಗಸರು ಬದುಕಿಡೀ ಮಾಡುವುದೂ ಅದನ್ನೇ ಅಲ್ಲವೇ? ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಹಲಸನ್ನು ಬೆರಳಿನಿಂದ ತಟ್ಟುವುದು, ಫೋನಿನಲ್ಲಿ ಮಗಳು 'ಚೆನ್ನಾಗಿದೀನಮ್ಮ' ಅಂದ ದನಿಯ ಕೆಳಗೆ ಇನ್ನೇನಿದೆ ಎಂದು ಕಿವಿಗೊಡುವುದು. ಒಳಗಿರುವುದು ಕಣ್ಣಿಗೆ ಬೀಳದ ಲೋಕದಲ್ಲಿ ಹೊರಗಿನ ಸಣ್ಣ ಗುರುತುಗಳನ್ನು ನಂಬಿ ಹೆಜ್ಜೆಯಿಡುವವರು ನಾವೆಲ್ಲ.

ಹೀಗೇ ಒಂದು ಬೆಳಿಗ್ಗೆ ಛಾಯಾ ಅಕ್ಕಿರೊಟ್ಟಿ ಮುರಿಯುತ್ತ ಸ್ಕ್ರೀನ್ ನೋಡುತ್ತಿದ್ದವಳು, ಕೈಯಲ್ಲಿದ್ದ ತುತ್ತನ್ನು ಹಾಗೇ ತಟ್ಟೆಗಿಟ್ಟಳು.

"ಅತ್ತೆ, ನಾನೊಂದು ಬಾವೀನ ಸುಮ್ಸುಮ್ನೆ ಸಾಯ್ಸ್‌ಬಿಡ್ತಿದೀನಿ ಅನ್ಸತ್ತೆ."

ಗಾಬರಿಯಾಗಿ ಪಕ್ಕದಲ್ಲಿ ಕುಳಿತೆ. ಪೂರ್ವದ ಕಡಲತೀರದಲ್ಲಿ, ಯಾರದೋ ತೆಂಗಿನ ತೋಟದ ಮಗ್ಗುಲಲ್ಲಿ, ಬಹಳ ಹಿಂದೆ ಕೊರೆದ ಒಂದು ಬಾವಿಯಂತೆ. ಛಾಯಾಳ ಮೇಲಧಿಕಾರಿಗೆ ಅದನ್ನು ಇನ್ನೊಮ್ಮೆ ಪರೀಕ್ಷಿಸುವ ಆಸೆಯಿತ್ತು. ಇವಳು ಹೋದ ತಿಂಗಳು ಡೇಟಾ ತೋರಿಸಿ, ಅಲ್ಲಿನ ಮರಳುಗಲ್ಲು ಅಕ್ಕಪಕ್ಕದ ಬಾವಿಗಳಲ್ಲಿ ಕಂಡ ಉಪ್ಪುನೀರಿನ ಮಟ್ಟಕ್ಕಿಂತ ಕೆಳಗಿದೆ, ಅನಿಲ ಹಗುರವಾದ್ದರಿಂದ ನೀರಿನ ಮೇಲೆ ಇರಬೇಕೇ ಹೊರತು ಕೆಳಗಲ್ಲ, ಆದ್ದರಿಂದ ಬಾವಿಯನ್ನು ಮುಚ್ಚಿ ಎಂದು ವಾದಿಸಿ ಗೆದ್ದಿದ್ದಳು. ಮುಚ್ಚುವುದೆಂದರೆ ಒಳಗೆ ಸಿಮೆಂಟ್ ತುಂಬುವುದು. ಒಮ್ಮೆ ತುಂಬಿದರೆ ಮತ್ತೆ ಯಾರೂ ತೆರೆಯುವುದಿಲ್ಲ. ಸಿಮೆಂಟಿನ ಲಾರಿಗಳು ಆಗಲೇ ಹೊರಟಿದ್ದವು.

ತಪ್ಪು ಏನೆಂದರೆ, ಬಾವಿ ಕೊರೆಯುವವರು ಆಳವನ್ನು ನೆಲದಿಂದ ಅಳೆಯುವುದಿಲ್ಲವಂತೆ! ಯಂತ್ರದ ಜೊತೆಗೆ ತಾವು ನಿಂತಿರುವ ಕಬ್ಬಿಣದ ಅಟ್ಟದಿಂದ ಅಳೆಯುತ್ತಾರೆ. ಆ ಅಟ್ಟವೋ ನೆಲದಿಂದ ಎರಡಂತಸ್ತಿನ ಮನೆಯಷ್ಟು ಎತ್ತರ. ಪಕ್ಕಪಕ್ಕದ ಬಾವಿಗಳನ್ನು ಹೋಲಿಸುವಾಗ ಆ ಎತ್ತರವನ್ನು ಕಳೆಯಬೇಕು. ಹಳೆಯ ಕಾಗದದಿಂದ ಕಂಪ್ಯೂಟರಿಗೆ ಇಳಿಸುವಾಗ ಈ ಬಾವಿಯ ಅಟ್ಟದ ಎತ್ತರ ಬಿಟ್ಟುಹೋಗಿತ್ತು. ಕಂಪ್ಯೂಟರು ಸೊನ್ನೆಯೆಂದು ತಿಳಿಯಿತು. ಇವಳು ಕಂಪ್ಯೂಟರನ್ನು ನಂಬಿದಳು. ಈಗ ಎರಡಂತಸ್ತು ಕಳೆದರೆ ಮರಳುಗಲ್ಲು ನೀರಿನಿಂದ ಮೇಲಕ್ಕೆ ಬಂದು ಕೂತಿತು.

ನನಗೆ ನಗು ತಡೆಯಲಾಗಲಿಲ್ಲ. "ಹೆದರ್ಬೇಡ್ವೇ, ನಮ್ಮ ಸೋಸಲೆ ಮನೇಲೂ ಹಿಂಗೇ ಆಗಿತ್ತು" ಎಂದು ಅವಳಿಗೆ ಕಥೆ ಹೇಳಿದೆ.

ನಾನು ಚಿಕ್ಕವಳಿದ್ದಾಗ ಸೋಸಲೆಯ ಅಜ್ಜಿ, ಮಕ್ಕಳು ಬೀಳುತ್ತಾರೆಂಬ ಭಯದಿಂದ ಹಿತ್ತಲ ಬಾವಿಯ ಕಟ್ಟೆಯನ್ನು ಏರಿಸಿದರು. ಕಟ್ಟೆಯ ಜೊತೆಗೆ ರಾಟೆಯೂ ಏರಿತು. ಮರುದಿನ ನೀರು ಸೇದಲು ಬಂದ ಮನೆಗೆಲಸದ ಪುಟ್ಟಮ್ಮ, ಬಿಂದಿಗೆ ನೀರಿಗೆ ತಾಗದೆ ನಡುವೆಯೇ ತೂಗಾಡುವುದನ್ನು ಕಂಡು ಬೊಬ್ಬೆಯಿಟ್ಟಳು: "ಅವ್ವಾ, ಕೆಟ್ಟೆವು ಕಣ್ರವ್ವಾ! ಗಂಗಮ್ಮ ಮುನಿಸ್ಕಂಡು ಕೆಳಕ್ಕೋಗವ್ಳೆ!" ಮನೆಯವರೆಲ್ಲ ಓಡಿಬಂದು ಬಗ್ಗಿ ನೋಡಿದರು. ಅದೇ ಹಗ್ಗ, ಅದೇ ಬಿಂದಿಗೆ. ನೀರು ಇಳಿಯದೆ ಇನ್ನೇನು? ಅಜ್ಜಿ ಅರಿಸಿನ ಕುಂಕುಮ ಹಾಕಿ, ಎಲೆ ಅಡಿಕೆಯಿಟ್ಟು ಗಂಗಮ್ಮನನ್ನು ಬೇಡಿಕೊಂಡರು. ಮಧ್ಯಾಹ್ನ ಹೊಲದಿಂದ ಬಂದ ಚಿಕ್ಕಪ್ಪ ಕಟ್ಟೆಯನ್ನೂ ಹಗ್ಗವನ್ನೂ ನೋಡಿ, "ಏರಿದ್ದು ನೀವು, ಇಳಿದಿದ್ದು ಗಂಗಮ್ಮನಾ?" ಎಂದು ಬಿದ್ದು ಬಿದ್ದು ನಕ್ಕರು. ಅಜ್ಜಿ ಸೋಲುವ ಪೈಕಿಯಲ್ಲ. "ಅವ್ಳೇನು ಹಗ್ಗ ಉದ್ದ ಮಾಡ್ಸಿ ಅಂತ ಬಾಯ್ಬಿಟ್ಟು ಹೇಳಿದ್ಲೇನೋ? ಹೋಗು, ಕಾಲ್ ತೊಳ್ಕೊಂಡು ಊಟಕ್ ಕೂರು" ಎಂದುಬಿಟ್ಟರು.

ಛಾಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಇಳಿದ ಮೇಲೆ ಮೆಲ್ಲಗೆ, "ಆದ್ರೆ ನಿಮ್ಮಜ್ಜಿ ಬಾವಿಗೆ ಸಿಮೆಂಟ್ ತುಂಬ್ಸಿರ್ಲಿಲ್ಲ ಅತ್ತೆ" ಎಂದಳು.

ಅವಳ ಸಂಕಟ ನನಗೆ ಆಗ ಪೂರ್ತಿ ಅರ್ಥವಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸಿಮೆಂಟು ಬಾವಿಯನ್ನೂ ಮುಚ್ಚುತ್ತದೆ, ತಪ್ಪನ್ನೂ ಮುಚ್ಚುತ್ತದೆ. ಬಾಯಿ ತೆರೆದರೆ, ಅಷ್ಟು ಜನ ಗಂಡಸರ ನಡುವೆ ಕಷ್ಟಪಟ್ಟು ಗಳಿಸಿದ 'ಈ ಹುಡುಗಿ ಹೇಳಿದರೆ ಸರಿಯಿರುತ್ತೆ' ಎಂಬ ಹೆಸರು ಹೋಗುತ್ತದೆ. "ಮುಂದಿನ ಸಲ ನಾನು ಬೇಡ ಅಂದ್ರೂ ಯಾರೂ ಕೇಳಲ್ಲ ಅತ್ತೆ" ಎಂದಳು. ನಾನು ಹೇಳು ಎಂದೂ ಅನ್ನಲಿಲ್ಲ, ಬಿಡು ಎಂದೂ ಅನ್ನಲಿಲ್ಲ. ತಣ್ಣಗಾದ ರೊಟ್ಟಿಯನ್ನು ತೆಗೆದು ಬಿಸಿಯದೊಂದನ್ನು ತಟ್ಟೆಗೆ ಹಾಕಿದೆ.

ನೀವೇ ಯೋಚಿಸಿ, ಗೆಳೆಯರೇ. ನಮ್ಮಲ್ಲಿ ಯಾರು ತಾನೇ ನೆಲದಿಂದ ಅಳೆಯುತ್ತೇವೆ? ಇಂಗ್ಲಿಷಿನ ಅಟ್ಟದ ಮೇಲೆ ನಿಂತ ಕಾನ್ವೆಂಟಿನ ಹುಡುಗಿಯರಿಗೆ ಹಳ್ಳಿಯ ಜಾಣತನ ಕೆಳಗೆಲ್ಲೋ ಇರುವಂತೆ ಕಾಣುತ್ತದೆ. ವಯಸ್ಸಿನ ಅಟ್ಟದ ಮೇಲೆ ನಿಂತ ನನ್ನಂಥವರಿಗೆ ಈಗಿನ ಮಕ್ಕಳ ಪ್ರೀತಿ ಬತ್ತಿದಂತೆ ಕಾಣುತ್ತದೆ. ನಿಲ್ಲುವುದು ತಪ್ಪಲ್ಲ, ಎಲ್ಲಿಯಾದರೂ ನಿಂತೇ ಅಳೆಯಬೇಕು. ನಿಂತ ಎತ್ತರವನ್ನು ಕೊನೆಗೆ ಕಳೆಯಲು ಮರೆಯುತ್ತೇವಲ್ಲ, ಅಷ್ಟೇ ತೊಂದರೆ. ಎಷ್ಟು ಒಳ್ಳೆಯ ಬಾವಿಗಳಿಗೆ ನಾವು 'ಇಲ್ಲೇನೂ ಇಲ್ಲ' ಎಂದು ಸಿಮೆಂಟ್ ಹಾಕಿಸಿದ್ದೇವೋ!

ರೊಟ್ಟಿ ಮುಗಿಸಿದವಳು ಕೈ ತೊಳೆದು, ಜಡೆ ಬಿಗಿದು, ಮೀಟಿಂಗ್ ಕರೆದಳು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತ ಕುಳಿತೆ. ಕಿವಿ ಮಾತ್ರ ಊಟದ ಮೇಜಿನ ಮೇಲಿತ್ತು. ಅವಳ ಅಧಿಕಾರಿ ಮಂಡ್ಯದ ಕಡೆಯವರು. ಅವರ ಇಂಗ್ಲಿಷು ಸಿಟ್ಟು ಬಂದಾಗ ಸಾಲುತ್ತಿರಲಿಲ್ಲ.

"ಏನ್ರೀ ಛಾಯಾ, ಹೋದ್ ತಿಂಗ್ಳು ನೀವೇ ತಾನೇ ಮುಚ್ಚಿ ಮುಚ್ಚಿ ಅಂತ ನನ್ ಪ್ರಾಣ ತಿಂದಿದ್ದು?"

"ಹೌದು ಸರ್. ಮಿಸ್ಟೇಕ್ ನಂದೇ. ಅಟ್ಟದ ಎತ್ತರ ಕಳೆದಿಲ್ಲ. ನಾನು ಚೆಕ್ ಮಾಡ್ಬೇಕಿತ್ತು, ಮಾಡ್ಲಿಲ್ಲ. ದಯವಿಟ್ಟು ಲಾರಿ ನಿಲ್ಸಿ ಸರ್."

ನನ್ನ ಕೈಯಲ್ಲಿದ್ದ ಹುರುಳಿಕಾಯಿ ಅರ್ಧ ಮುರಿದು ನಿಂತಿತು. ಬಸ್ಸಿನಲ್ಲಿ ಮೈ ತಗುಲಿದವರಿಗೆಲ್ಲ ನಾವು ಎಸೆಯುವ 'ಸಾರಿ' ಎಂಬ ಆ ಚಿಲ್ಲರೆಯನ್ನು ಅವಳು ಬಳಸಲೇ ಇಲ್ಲ.

ಆ ಕಡೆಯಿಂದ ಒಂದು ನಿಟ್ಟುಸಿರು. "ಲಾರಿ ನಿಲ್ಸೋದು ಸುಲಭ ಕಣಮ್ಮ. ನಾಳೆ ಟೆಸ್ಟ್ ಮಾಡಿ ಬರೀ ನೀರು ಬಂದ್ರೆ?"

"ಬಂದ್ರೆ ಅದೂ ಗೊತ್ತಾಗತ್ತೆ ಸರ್. ಈಗ ಗೊತ್ತಿಲ್ಲ, ಅಷ್ಟೇ."

"ಹಾಗಿದ್ರೆ ಆ ಕಾಲದ ಬಾವಿಗಳೆಲ್ಲದರ ಅಟ್ಟಾನೂ ಇನ್ನೊಂದ್ಸಲ ನೋಡ್ಬೇಕಲ್ರೀ! ಯಾರ್ ಮಾಡ್ತಾರೆ ಅಷ್ಟೂ ಕೆಲ್ಸಾನ?"

"ನಾನೇ ಮಾಡ್ತೀನಿ ಸರ್."

"ನೀವೇ ಮಾಡ್ಬೇಕು. ತಪ್ಪು ಎಲ್ಲಿ ಅಡಗಿರತ್ತೆ ಅಂತ ಗೊತ್ತಿರೋರು ಈಗ ನೀವೊಬ್ರೇ ತಾನೇ" ಎಂದರು. ಆ ದನಿಯಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ.

ನನ್ನ ಕಣ್ಣು ಸರಿಹೋಗಿ ಛಾಯಾ ಹೊರಟುಹೋದಳು. ಎಷ್ಟೋ ವಾರಗಳ ಮೇಲೆ ನಾನು ಸೋಸಲೆಗೆ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಹೊರಟು, ತಿರುಮಕೂಡಲು ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಬಿರುಬಿಸಿಲಿನಲ್ಲಿ ಕುಳಿತಿದ್ದಾಗ ಫೋನ್ ಕಿಣಿಗುಟ್ಟಿತು. ಛಾಯಾಳಿಂದ ಒಂದು ವಿಡಿಯೋ, ಕೆಳಗೆ ಎರಡೇ ಸಾಲು: 'ಟೆಸ್ಟ್ ಆಯ್ತು ಅತ್ತೆ. ಭಾರೀ ಏನಲ್ಲ, ಆದರೆ ಇದೆ.' ತೆಂಗಿನ ಮರಗಳು, ಆಕಾಶ, ಒಂದು ಕಬ್ಬಿಣದ ಕೊಳವೆ ಕಂಡವು. ಪರೀಕ್ಷೆಯಲ್ಲಿ ಹೊರಬರುವ ಅನಿಲವನ್ನು ಆ ಕೊಳವೆಯ ತುದಿಯಲ್ಲೇ ಉರಿಸುತ್ತಾರೆಂದು ಅವಳು ಹೇಳಿದ್ದಳು. ಆದರೆ ನಡುಹಗಲ ಬೆಳಕಿನಲ್ಲಿ ಎಷ್ಟು ನೋಡಿದರೂ ಅಲ್ಲೇನೂ ಕಾಣಲಿಲ್ಲ. ಸೆರಗೆಳೆದು ಫೋನಿಗೂ ನನ್ನ ಮುಖಕ್ಕೂ ಸೇರಿಸಿ ಮುಸುಕು ಹಾಕಿಕೊಂಡೆ.

ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿಗೆ ತಡೆಯಲಾಗಲಿಲ್ಲ. "ಅದೇನವ್ವಾ, ಅಂಗೆ ಮುಸ್ಕಾಕ್ಕಂಡು ನೋಡ್ತಿದ್ದೀರಿ?"

"ಒಲೆ ಹತ್ತಿದ್ಯಾ ಅಂತ ನೋಡ್ತಿದೀನಿ ಕಣಮ್ಮ."

"ಬೆಂಕಿ ಕಾಣಕ್ಕಿಲ್ವಾ? ಕೊಡಿ ಇತ್ಲಾಗೆ" ಎಂದು ಅವಳೂ ನನ್ನ ಸೆರಗಿನೊಳಗೆ ತಲೆ ತೂರಿಸಿದಳು. ಮಲ್ಲಿಗೆಯ ವಾಸನೆಯ ಆ ಪುಟ್ಟ ಕತ್ತಲೆಯಲ್ಲಿ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಉಸಿರು ಹಿಡಿದು ನೋಡಿದೆವು. ಕೊಳವೆಯ ತುದಿಯಲ್ಲಿ ಗಾಳಿ ಮೊದಲು ನಡುಗಿತು. ಆಮೇಲೆ ಆ ನಡುಕಕ್ಕೆ ನಿಧಾನವಾಗಿ ಬಣ್ಣ ಬಂತು.

"ಅಗಳವ್ವಾ, ಅತ್ಕಂತು!" ಎಂದಳು ಅವಳು.