ಚೀಲ ಮಂಗನಿಗೆ, ಕಾಲು ನನಗೆ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಬಾದಾಮಿ ಗುಹೆಯ ಮೆಟ್ಟಿಲು ಇಳಿಯುವಾಗ ಒಂದು ಗಡವ ಮಂಗ ಬಾಳೆಹಣ್ಣಿದ್ದ ನನ್ನ ಕೈಚೀಲ ಹಿಡಿದು ಎಳೆಯಿತು. ನಾನು ಇಳಕಲ್ಲಿನಲ್ಲಿ ಸೀರೆ ನೇಯ್ದವಳು, ಕೈಗೆ ಸಿಕ್ಕ ಎಳೆ ಬಿಟ್ಟವಳಲ್ಲ. ನಾನೂ ಎಳೆದೆ. ಹಿಂದೊಮ್ಮೆ ಬಿದ್ದು ಮುರಿದಿದ್ದ ಸೊಂಟಕ್ಕೆ ರಾಡು ಹಾಕಿದ್ದರು. ಇನ್ನೊಮ್ಮೆ ಬಿದ್ದರೆ ಹಾಸಿಗೆಯೇ ಗತಿ ಎಂದಿದ್ದರು ಡಾಕ್ಟರು. ಮೈ ಮುಂದಕ್ಕೆ ವಾಲಿತು.

ನಿಧಾನಕ್ಕೆ ಕೈಕಾಲು ಆಡಿಸುವ ಚೀನಾದ ವ್ಯಾಯಾಮ, ತೈ ಚಿ, ನಮ್ಮೂರ ಶಾಲೆಯ ಮೈದಾನದಲ್ಲಿ ಕಲಿಸುತ್ತಿದ್ದ ಟೀಚರ ಮಾತು ನೆನಪಾಯಿತು: "ಅಮ್ಮಾ, ಎಳದವ್ರ ಜೋಡಿ ಎಳದಾಡಬ್ಯಾಡ್ರಿ. ಕೈ ಸಡಲ ಬಿಟ್ಟು, ಮೊಣಕಾಲ ಬಗ್ಗಿಸಿ, ಪಕ್ಕಕ್ಕ ತಿರುಗ್ರಿ."

ಹಾಗೇ ಮಾಡಿದೆ. ಮಂಗ ಚೀಲದ ಸಮೇತ ಹಿಂದಕ್ಕೆ ಉರುಳಿತು. ನಾನು ನಿಂತೇ ಇದ್ದೆ.

ಹಿಂದೆ ಇಳಿಯುತ್ತಿದ್ದ ಸೊಸೆ ಓಡಿ ಬಂದು ಸೊಂಟ ಮುಟ್ಟಿ ನೋಡಿದಳು. "ಅತ್ತೀ, ನೀವು ಕ್ಲಾಸಿನ್ಯಾಗ ಕೈ ಬೀಸೂದು ನೋಡಿ, ಗಾಳಿ ಜೋಡಿ ಜಗಳಾಡ್ತೀರಿ ಅಂತ ನಗ್ತಿದ್ನಲ್ರಿ!"

"ಬಾಳಿಹಣ್ಣು ಹೋದ್ರ ಹೋಗ್ಲಿ. ಕಾಲು ಉಳೀತು," ಎಂದೆ.

ಈ ಕೈ ಬೀಸುವ ಆಟ ಸಾಕೆಂದು ನಾನು ಹಿಂದಿನ ವಾರವಷ್ಟೇ ಕ್ಲಾಸು ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಟೀಚರಿಗಿಂತ ಮೊದಲೇ ಶಾಲೆಯ ಮೈದಾನಕ್ಕೆ ಹೋಗಿ, ಮೊಣಕಾಲು ಬಗ್ಗಿಸಿ ನಿಂತೆ.