ಹೊತ್ತು ಮುಳುಗುವ ಮೊದಲು ಒಂದು ಬಟ್ಟಲು

ಬೇಸಗೆಯಲ್ಲಿ ಐಸ್ ಕ್ರೀಮ್ ಮಾಡುವವರೆಲ್ಲ ಸೂರ್ಯನಿಗೆ ಹೆದರುತ್ತಾರೆ, ಎಲ್ಲಿ ಕರಗಿಸಿಬಿಡುತ್ತಾನೋ ಎಂದು. ನೇಮಣ್ಣ ಕಾಕಾ ಹೆದರುತ್ತಿದ್ದುದು ಅದೇ ಸೂರ್ಯ ಎಲ್ಲಿ ಮುಳುಗಿಬಿಡುತ್ತಾನೋ ಎಂದು. ನಿಪ್ಪಾಣಿಯ ತಮ್ಮ ಮನೆಯ ಹಿತ್ತಲಿನಲ್ಲಿ, ಬನಿಯನ್ ತೊಟ್ಟು, ಧೋತರವನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಅವರು ಐಸ್ ಕ್ರೀಮಿನ ಮರದ ಪಾಟಿನ ಹಿಡಿಕೆಯನ್ನು ಗರಗರ ತಿರುಗಿಸುತ್ತಿದ್ದರು. ಕಣ್ಣು ಮಾತ್ರ ಎದುರಿನ ಗೋಡೆಯ ಮೇಲೆ. ಬಿಸಿಲು ಗೋಡೆಯ ಬುಡ ಬಿಟ್ಟು ಮೇಲೆ ಏರಿದಷ್ಟೂ ಅವರ ಕೈ ಜೋರಾಗುತ್ತಿತ್ತು.

"ಘಾಯಿ ಮಾಡ್ರಿ ಮಾಸ್ತರ, ಹೊತ್ತ ಹೊಂಟಿತು!" ಎಂದು ನನ್ನನ್ನು ಅವಸರಪಡಿಸುತ್ತಿದ್ದರು. ಅವಸರ ಮಾಡಲು ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ನನ್ನ ಕೆಲಸ ಪಾಟಿನ ಮೇಲೆ ಕೂರುವುದು.

ಎಂಬತ್ತರ ದಶಕದ ನಡುವೆ ನನಗೆ ವಿಜ್ಞಾನ ಶಿಕ್ಷಕನ ನೌಕರಿ ಸಿಕ್ಕಿ, ಗದಗಿನ ಕಡೆಯವನಾದ ನಾನು ನಿಪ್ಪಾಣಿಗೆ ಬಂದಿದ್ದೆ. ಕಾಕಾ ಅವರ ಮನೆಯ ಮಾಳಿಗೆಯ ಮೇಲೆ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಊಟಕ್ಕೆ ಖಾನಾವಳಿ, ಮಾತಿಗೆ ಯಾರೂ ಇಲ್ಲ. ಬೀದಿಯಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಎರಡರಲ್ಲೂ ನನ್ನನ್ನು ಕರೆಯುವವರಿರಲಿಲ್ಲ. ರವಿವಾರ ಸಂಜೆ ಖಾನಾವಳಿಗೂ ರಜೆ. ಬಾಳೆಹಣ್ಣು ತಿಂದು, ಆಗಲೇ ಎರಡು ಸಲ ಓದಿದ್ದ ಪೇಪರನ್ನು ಮೂರನೆಯ ಸಲ ಓದುವುದು ನನ್ನ ರವಿವಾರವಾಗಿತ್ತು.

ಅಂಥ ಒಂದು ರವಿವಾರ ಹಿತ್ತಲಿನಲ್ಲಿ ಏನನ್ನೋ ಕುಟ್ಟುವ ಸದ್ದು ಕೇಳಿ ಕಿಟಕಿಯಿಂದ ಇಣುಕಿದೆ. ಕಾಕಾ ಗೋಣಿಚೀಲದೊಳಗಿನ ಬರ್ಫದ ಗಡ್ಡೆಯನ್ನು ಒನಕೆಯಿಂದ ಒಡೆಯುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬಂದು ಆರು ತಿಂಗಳಾಗಿತ್ತು. ಬಾಡಿಗೆ, ನೀರು ಬಿಟ್ಟು ಬೇರೆ ಮಾತೇ ನಮ್ಮಲ್ಲಿ ಆಗಿರಲಿಲ್ಲ. ಅವತ್ತು ಕೇಳಿದರು:

"ಮಾಸ್ತರ, ನಿಮ್ಮ ತೂಕ ಎಷ್ಟೈತ್ರಿ?"

"ಐವತ್ತೆಂಟು ಕೇಜಿ ಇರಬಹುದ್ರಿ," ಎಂದೆ ಗಾಬರಿಯಾಗಿ.

"ಸಾಕು. ಕೆಳಗ ಬರ್ರಿ."

ನಮ್ಮ ಸ್ನೇಹ ಹೀಗೆ ನನ್ನ ತೂಕದಿಂದ ಶುರುವಾಯಿತು. ಪಾಟು ಎಂದರೆ ಒಂದು ಮರದ ಬುಟ್ಟಿ, ಅದರ ನಡುವೆ ಮುಚ್ಚಳವಿದ್ದ ಒಂದು ಉದ್ದನೆಯ ಡಬ್ಬಿ, ಡಬ್ಬಿಯನ್ನು ತಿರುಗಿಸಲು ಪಕ್ಕದಲ್ಲಿ ಹಿಡಿಕೆ. ಡಬ್ಬಿಯ ಸುತ್ತ ಬರ್ಫ, ಕಲ್ಲುಪ್ಪು ತುಂಬಿ ತಿರುಗಿಸಬೇಕು. ಒಳಗಿನ ಹಾಲು ಗಟ್ಟಿಯಾದಂತೆ ಹಿಡಿಕೆ ಬಿಗಿಯಾಗಿ, ಇಡೀ ಬುಟ್ಟಿಯೇ ಎಗರಾಡತೊಡಗುತ್ತದೆ. ಆಗ ಅದರ ತಲೆಯ ಮೇಲೆ ಗೋಣಿಚೀಲ ಮಡಚಿ ಹಾಸಿ ಒಬ್ಬರು ಕೂರಲೇಬೇಕು.

"ಇದು ಒಬ್ಬನ ಕೆಲಸ ಅಲ್ರಿ," ಎಂದರು ಕಾಕಾ. "ತಿರವಾಂವ ಒಬ್ಬ, ಕುಂದರಾಂವ ಒಬ್ಬ. ಅದಕ್ಕ ನಾಕ ವರ್ಷ ಅಟ್ಟದ ಮ್ಯಾಲ ಬಿದ್ದಿತ್ತು."

ನಾಲ್ಕು ವರ್ಷ ಎಂದರೆ ಅವರ ಹೆಂಡತಿ ಚಂಪಾಬಾಯಿ ತೀರಿಹೋಗಿ ಆಗಿದ್ದಷ್ಟು ಕಾಲ. ಮಕ್ಕಳಿರಲಿಲ್ಲ. ಕಾಕಾ ತಂಬಾಕಿನ ದಲಾಲಿ ಬಿಟ್ಟು ಮನೆಯಲ್ಲೇ ಇರುತ್ತಿದ್ದರು. ಜೈನರು. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಇಲ್ಲ, ಒಂದು ಗುಟುಕು ನೀರೂ ಇಲ್ಲ. ಅಡಿಗೆಮನೆಯ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಪ್ರತಿ ರವಿವಾರದ ಚೌಕದೊಳಗೆ ಸೂರ್ಯ ಮುಳುಗುವ ಹೊತ್ತನ್ನು ಸೀಸಕಡ್ಡಿಯಿಂದ ಬರೆದಿಡುತ್ತಿದ್ದರು. ಉಳಿದ ದಿನ ಆರಕ್ಕೇ ಎರಡು ರೊಟ್ಟಿ ತಿಂದು ಕಟ್ಟೆಯ ಮೇಲೆ ಬಂದು ಕೂತರೆ, ಬೀದಿಯಲ್ಲಿ ಉಳಿದವರ ಮನೆಯ ಒಗ್ಗರಣೆ ವಾಸನೆ ಆಗಷ್ಟೇ ಏಳುತ್ತಿತ್ತು. "ಲಗೂ ಉಂಡಾವಗ ಸಂಜಿ ಭಾಳ ಉದ್ದ ಆಗತೈತ್ರಿ ಮಾಸ್ತರ," ಎಂದು ಒಮ್ಮೆ ಹೇಳಿದ್ದರು. ಉಣ್ಣದೆ ಕೂತವನಿಗೂ ಅಷ್ಟೇ ಉದ್ದ ಎಂದುಕೊಂಡೆ.

ಐಸ್ ಕಾರಖಾನೆಯವನು ರವಿವಾರ ಗಾರಿಗಾರ್ ಎಂಬ ಐಸ್ ಕ್ಯಾಂಡಿ ಮಾರುವ ಗಾಡಿಯವರಿಗೆಲ್ಲ ಕೊಟ್ಟು ಮುಗಿಸಿ, ನಾಲ್ಕರ ಮೇಲೆ ಉಳಿದವರಿಗೆ ಬರ್ಫ ಕೊಡುತ್ತಿದ್ದ. ಕಾಕಾ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತರುವಷ್ಟರಲ್ಲಿ ನಾಲ್ಕೂವರೆ. ಅಲ್ಲಿಂದ ಮುಂದೆ ಸೂರ್ಯನ ಜೊತೆ ಓಟ. ಹಾಲಿನ ಕೆಲಸ ಮಾತ್ರ ಬೆಳಿಗ್ಗೆಯೇ ಮುಗಿದಿರುತ್ತಿತ್ತು. ಎಮ್ಮೆ ಹಾಲನ್ನು ಅರ್ಧಕ್ಕೆ ಇಳಿಯುವವರೆಗೆ ಕಾಯಿಸಿ, ಕೊಲ್ಲಾಪುರದಿಂದ ತರಿಸಿದ ಕೋಕೋ ಪುಡಿಯನ್ನು ಬೇರೆ ಬಟ್ಟಲಿನಲ್ಲಿ ಸ್ವಲ್ಪವೇ ಹಾಲಿನೊಡನೆ ಗಂಟಿಲ್ಲದಂತೆ ಕಲಸಿ, ಅದಕ್ಕೆ ಸೇರಿಸಿ, ಸಕ್ಕರೆ ಹಾಕಿ, ತೆಳು ಅರಿವೆಯಲ್ಲಿ ಸೋಸಿ ಆರಲು ಇಡುತ್ತಿದ್ದರು. ಚಾಕಲೇಟು ಬಿಟ್ಟು ಬೇರೆ ಯಾವುದನ್ನೂ ಮಾಡಲೊಲ್ಲರು. "ಮಾವಿನಹಣ್ಣಿಂದು ಮಾಡೋಣ ಕಾಕಾ" ಎಂದರೆ, "ಮಾವಿನಹಣ್ಣ ಹಂಗ ತಿನ್ರಿ, ಚೊಲೋ ಇರತೈತಿ" ಎಂದು ಮಾತು ಮುಗಿಸುತ್ತಿದ್ದರು.

ಬಸದಿಗೆ ಹೋಗುವ ಹಿರಿಯರೊಬ್ಬರು ಒಮ್ಮೆ ಬೇಲಿಯಾಚೆ ನಿಂತು, "ನೇಮಣ್ಣಾ, ನೇಮ ಹಿಡದಾಂವ ಸೋಸದ ನೀರಿನ ಬರ್ಫ ತಿಂತೀಯೇನೊ?" ಎಂದು ಕೆಣಕಿದರು. ಕಾಕಾ ತಿರುಗಿಸುವುದನ್ನು ನಿಲ್ಲಿಸದೆ, "ಬರ್ಫ ಹೊರಗ ಐತ್ರಿ ಅಣ್ಣಾ, ಒಳಗ ಬರೇ ಹಾಲ ಐತಿ. ಎರಡರ ನಡಕ ತಗಡ ಐತಿ. ಧರ್ಮ ಕೆಡೂದಿಲ್ಲ," ಎಂದರು. ಆ ಹಿರಿಯರು ತಲೆ ಅಲ್ಲಾಡಿಸಿ ಹೋದರು. ಆಮೇಲೆ ಕಾಕಾ ಮೆಲ್ಲಗೆ, "ಆದರೂ ನೀವ ಸೈನ್ಸ ಮಾಸ್ತರ ಅದೀರಿ, ಖರೇ ಹೇಳ್ರಿ, ತಗಡಿನಾಗಿಂದ ಒಳಗ ಬರೂದಿಲ್ಲಲ್ಲ?" ಎಂದು ಕೇಳಿದರು. ನಾನು ಉಪ್ಪು ಬರ್ಫವನ್ನು ಹೇಗೆ ಇನ್ನಷ್ಟು ತಣ್ಣಗೆ ಮಾಡುತ್ತದೆ, ತಗಡಿನ ಮೂಲಕ ಒಳಗಿನ ಶಾಖವಷ್ಟೇ ಹೊರಗೆ ಹೇಗೆ ಹೋಗುತ್ತದೆ ಎಂದು ಒಂಬತ್ತನೆಯ ತರಗತಿಗೆ ಹೇಳುವಂತೆ ಪಾಠ ಹೇಳಿದೆ. ಹೇಳಿ ಹೆಮ್ಮೆಪಟ್ಟುಕೊಂಡೆ.

ಆ ಹೆಮ್ಮೆ ಒಂದು ವಾರಕ್ಕಿಂತ ಹೆಚ್ಚು ಉಳಿಯಲಿಲ್ಲ. ಬುಟ್ಟಿಯ ಪಕ್ಕದಲ್ಲಿ ಉಪ್ಪುನೀರು ಹರಿದುಹೋಗಲು ಒಂದು ತೂತು ಇರುತ್ತದೆ. ಅದು ಕಟ್ಟಿಕೊಳ್ಳದಂತೆ ಕಡ್ಡಿಯಿಂದ ಆಗಾಗ ಚುಚ್ಚುವುದು ಮೇಲೆ ಕೂತವನ ಕೆಲಸ. ಮುಂದಿನ ರವಿವಾರ ನಾನು ಪೇಪರ್ ಓದುತ್ತ ಅದನ್ನು ಮರೆತೆ. ನೀರು ಮೇಲೇರಿ ಮುಚ್ಚಳದ ಸಂದಿಯಿಂದ ಡಬ್ಬಿಯೊಳಗೆ ನುಗ್ಗಿತ್ತು. ಮೊದಲ ಚಮಚ ಬಾಯಿಗಿಟ್ಟು ನಾನು ಥೂ ಎಂದು ಉಗುಳಿದೆ. ಕಾಕಾ ಒಮ್ಮೆ ಗೋಡೆಯ ಬಿಸಿಲು ನೋಡಿದರು, ಒಮ್ಮೆ ಬಟ್ಟಲು ನೋಡಿದರು, ಮುಖ ಕಿವುಚದೆ ಅಷ್ಟನ್ನೂ ತಿಂದು ಮುಗಿಸಿದರು.

"ಎಮ್ಮಿ ಹಾಲ ಐತಿ, ಇಬ್ಬರದೂ ದಣವ ಐತಿ. ಚೆಲ್ಲೂದ ಹ್ಯಾಂಗ್ರಿ? ಉಪ್ಪ ತಿಂದಾಂವ ನೀರ ಕುಡೀಬೇಕು ಅಂತಾರ, ಅಷ್ಟ."

"ಕುಡೀರಿ ಮತ್ತ ಕಾಕಾ," ಎಂದು ತಂಬಿಗೆ ತರಲು ಎದ್ದೆ.

ಅವರು ಗೋಡೆ ತೋರಿಸಿದರು. ಬಿಸಿಲು ಹೋಗಿತ್ತು. "ಇನ್ನ ನಾಳೆ," ಎಂದರು.

ಮರುದಿನ ಬೆಳಿಗ್ಗೆ ಕೆಳಗಿಳಿದರೆ ಕಾಕಾ ಕಟ್ಟೆಯ ಮೇಲೆ ಸೋಸಿದ ನೀರಿನ ತಂಬಿಗೆ ಹಿಡಿದು ಮೂಡಣಕ್ಕೆ ಮುಖ ಮಾಡಿ ಕೂತಿದ್ದರು. ತುಟಿ ಒಣಗಿ ಬಿರಿದಿತ್ತು. ಸೂರ್ಯ ಕಾಣಿಸಿದ ಮೇಲೆ ಇಡೀ ತಂಬಿಗೆಯನ್ನು ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು: "ಉಪ್ಪಿನ ಪಾಠ ಭಾಳ ಚೊಲೋ ಹೇಳಿದ್ರಿ ಮಾಸ್ತರ." ನಾನು ನಾಚಿ ಸತ್ತೆ. ಅವರು ನಗತೊಡಗಿದರು, ನನಗೂ ನಗು ಬಂತು. ಆ ಊರಿನಲ್ಲಿ ನಾನು ಇನ್ನೊಬ್ಬರ ಜೊತೆ ಕೂಡಿ ನಕ್ಕದ್ದು ಅದೇ ಮೊದಲು.

ಮೂರನೆಯ ಬೇಸಗೆಯಲ್ಲಿ, ಪಾಟಿನ ಮೇಲೆ ಕೂತೇ, ಈ ನೇಮ ಯಾವಾಗಿನಿಂದ ಎಂದು ಕೇಳಿದೆ. ಹುಟ್ಟಿನಿಂದಲೇ ಇರಬೇಕು ಎಂದುಕೊಂಡಿದ್ದೆ.

"ಆಕಿ ಹೋದ ಮ್ಯಾಲ ಹಿಡದೀನ್ರಿ," ಎಂದರು. "ಮೊದಲ ನೇಮ ಆಕಿದು. ನಾ ದೀಪಾ ಹಚ್ಚಿದ ಮ್ಯಾಲ ಉಣ್ಣಾಂವ."

ಹಿಡಿಕೆ ತಿರುಗುತ್ತಲೇ ಇತ್ತು. ಅವರು ನನ್ನ ಕಡೆ ನೋಡದೆ ಹೇಳುತ್ತ ಹೋದರು.

"ಆಕಿ ಒಮ್ಮಿ ಕೊಲ್ಲಾಪುರದಾಗ ಈ ಚಾಕಲೇಟಿಂದು ತಿಂದಿದ್ಲು. ಊರ ಮುಟ್ಟೂತನಾ ಅದರದ ಮಾತ. ಮನ್ಯಾಗ ಮಾಡೂಣು ಅಂತ ನಾನ ಈ ಪಾಟ ತಂದೆ. ತಂದಾಂವ ನಾ, ಮಾಡಾಕಿ ಆಕಿ. ಬಾಜೂ ಮನಿ ಹೆಣಮಗಳನ್ನ ಕುಂದ್ರಿಸಿ ತಿರವತಿದ್ಲು. ಹೊತ್ತ ಇರತ ಬರತೀನಿ ಅಂತ ಹೇಳಿ ಹೋಗಾಂವ ನಾ, ಕೊಗನೊಳ್ಳಿ ಕಡೆ ತಂಬಾಕ ತೂಗಿಸಿ, ಚಾ ಕುಡದು, ಅವರಿವರ ಕೂಡ ಮಾತಾಡಕೋತ ಕುಂತು, ಕತ್ತಲಾದ ಮ್ಯಾಲ ಬರಾಂವ. ಆಕಿ ತಿಂದಿರತಿರಲಿಲ್ಲ. ಕೂಡಿ ತಿನ್ನೂಣು ಅಂತ ಇಟಗೊಂಡ ಕುಂತಿರಾಕಿ. ಹೊತ್ತ ಮುಳಗೇತಿ, ಇನ್ನ ಆಕಿ ತಿನ್ನಂಗಿಲ್ಲ. ಮರದಿನಕ್ಕ ಇಟಗೊಂಡ ತಿನ್ನೂದು ನಮ್ಮಾಗಿಲ್ಲ. ಆಕಿ ಪಾಲೂ ನಾನ ತಿಂತಿದ್ದೆ."

ಹಿಡಿಕೆ ಬಿಗಿಯಾಗಿತ್ತು, ಕಾಕಾ ಕೈ ಬದಲಿಸಿದರು.

"ತಿಂದ ಏನ ಅಂತಿದ್ದೆ ಗೊತ್ತೇನ್ರಿ? ನಿನಗ ಇದು ಸೇರೂದಿಲ್ಲ ಬಿಡು, ಅಂತಿದ್ದೆ. ಆಕಿ ನಕ್ಕ ಸುಮ್ಮನಾಗತಿದ್ಲು. ಒಮ್ಮೆರ, ಒಂದ ಬಟ್ಟಲಾ, ಇಬ್ಬರೂ ಎದರಾಬದರ ಕುಂತ ತಿಂದದ್ದಿಲ್ಲ."

ನಾನು ಕಡ್ಡಿಯಿಂದ ತೂತು ಚುಚ್ಚುತ್ತ ಕೂತೆ. ಅವತ್ತು ಬಿಸಿಲು ಗೋಡೆಯ ಅರ್ಧಕ್ಕಿರುವಾಗಲೇ ಐಸ್ ಕ್ರೀಮ್ ಆಯಿತು. ಎದುರುಬದುರು ಕೂತು ತಿಂದೆವು.

ಮುಂದಿನ ವರ್ಷ ನನಗೆ ಅಥಣಿಗೆ ವರ್ಗವಾಯಿತು. ಮದುವೆಯಾಯಿತು, ಮನೆ ಮಾಡಿದೆ, ಎಲ್ಲರಂತೆ ನನಗೂ ಪುರುಸೊತ್ತಿಲ್ಲದಾಯಿತು. ಪ್ರತಿ ಬೇಸಗೆಗೂ ಕಾಕಾ ಅವರ ಕಾರ್ಡು ಬರುತ್ತಿತ್ತು, ಪ್ರತಿ ಬೇಸಗೆಗೂ ನನಗೊಂದು ನೆಪ ಸಿಗುತ್ತಿತ್ತು. ನಾಲ್ಕನೆಯ ಕಾರ್ಡಿನಲ್ಲಿ ಮೂರೇ ಸಾಲು: "ಬರುವ ಐತವಾರ ಹಾಲು ಹೇಳಿದ್ದೇನೆ. ಸೂರ್ಯ ಮುಳುಗುವುದು ಆರು ಐವತ್ತೇಳಕ್ಕೆ. ಕುಂದರಾಕ ಬರ್ರಿ." ಖಂಡಿತ ಬರುತ್ತೇನೆ, ಐದಕ್ಕೆಲ್ಲ ಅಲ್ಲಿರುತ್ತೇನೆ ಎಂದು ಮರುಟಪಾಲಿಗೇ ಬರೆದೆ.

ಹೊರಟದ್ದೂ ಹೊತ್ತಿಗೆ ಸರಿಯಾಗಿಯೇ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಮೂರು ಗಂಟೆಯಾಗಿತ್ತು. ಸ್ಟ್ಯಾಂಡಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. "ಒಂದ ಚಾ ಕುಡದ ಹೋಗ್ರಿ, ಬಸ್ ಏನ ಒಂದ ಐತೇನು?" ಎಂದರು. ಚಹಾ ಆಯಿತು. ಅವರು ಹೊಸದಾಗಿ ಕಟ್ಟಿಸಿದ ಮನೆ ನೋಡಿದ್ದಾಯಿತು, ಯಾರಿಗೆ ಪ್ರಮೋಶನ್ ಬಂತು, ಯಾರಿಗೆ ಬರಲಿಲ್ಲ ಎಂಬುದೆಲ್ಲ ಆಯಿತು. ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಬಸ್ಸೂ ಕೆಟ್ಟು ನಿಂತಿರಲಿಲ್ಲ. ಮಾತಿನ ರುಚಿಗೆ ಕೂತೆ, ಅಷ್ಟೇ. ನಿಪ್ಪಾಣಿಯ ಬಸ್ಸು ಹತ್ತಿದಾಗ ಆರೂಕಾಲು ಮೀರಿತ್ತು.

ಆ ರಸ್ತೆ ಪಡುವಣಕ್ಕೆ ಓಡುತ್ತದೆ. ಡ್ರೈವರನ ಮುಂದಿನ ಗಾಜಿನಲ್ಲಿ ಸೂರ್ಯ ಇಳಿಯುತ್ತಿರುವುದು ಇಡೀ ದಾರಿ ನನಗೆ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಅದು ಹೋಯಿತು.

ಕಾಕಾ ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದರು. ಬಹಳ ಸೊರಗಿದ್ದರು, ಬನಿಯನ್ ಹೆಗಲಿನಿಂದ ಜಾರುತ್ತಿತ್ತು. ಪಾಟಿನ ತಲೆಯ ಮೇಲೆ ನಾನು ಕೂರುವ ಜಾಗದಲ್ಲಿ ಬೀಸುವ ಕಲ್ಲಿನ ಒಂದು ಹೋಳು ಕೂತಿತ್ತು.

"ನಿಮ್ಮ ಬದಲಿ ಇದನ್ನ ಕುಂದ್ರಿಸಿದೆ," ಎಂದರು. "ತೂಕಾ ಬರೋಬರಿ ಆತು. ಆದರ ಮಾತಾಡೂದಿಲ್ಲ ನೋಡ್ರಿ."

ಪಕ್ಕದಲ್ಲಿ ಎರಡು ಸ್ಟೀಲಿನ ಬಟ್ಟಲು, ಎರಡು ಚಮಚ. ಎರಡೂ ಒಣಗಿದ್ದವು.

"ನೀವು ತಿನ್ನಲಿಲ್ಲೇನ್ರಿ ಕಾಕಾ?"

"ಕೂಡಿ ತಿನ್ನೂಣು ಅಂತ ಕುಂತಿದ್ದೆ."

ಬಸ್ಸು ತಡವಾಯಿತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ. "ಚಿಕ್ಕೋಡಿಯಾಗ ಮಾತಾಡಕೋತ ಕುಂತುಬಿಟ್ಟೆ," ಎಂದೆ. ಅವರು ತಲೆ ಅಲ್ಲಾಡಿಸಿದರು. ಆ ತಪ್ಪನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುಚ್ಚಳ ತೆಗೆದು ನನ್ನ ಬಟ್ಟಲಿಗೆ ಬಡಿಸಿದರು. ಅಂಚಿನಲ್ಲಿ ಕರಗಿತ್ತು, ನಡುವೆ ಇನ್ನೂ ಗಟ್ಟಿಯಿತ್ತು. ನಾನು ಖಾಲಿ ಮಾಡಿದ ಮೇಲೆ ಮತ್ತೆ ಬಡಿಸಿದರು.

"ನನ್ನ ಪಾಲೂ ನೀವ ತಿನ್ರಿ. ಇಟ್ಟರ ಹಾಳಾಗತೈತಿ."

ತಿಂದೆ. ಅವರು ಎದುರಿಗೆ ಕೂತು ನೋಡುತ್ತಿದ್ದರು. ನಾನು ಮುಗಿಸಿದ ಮೇಲೆ ತಮ್ಮ ಬಟ್ಟಲನ್ನು ತೆಗೆದುಕೊಂಡು ಹೋಗಿ, ತೊಳೆಯುವ ಅಗತ್ಯವಿರಲಿಲ್ಲವಾದ್ದರಿಂದ ಹಾಗೆಯೇ ಗೋಡೆಯ ಮಾಡದಲ್ಲಿ ಬೋರಲು ಹಾಕಿದರು. ಬೀಳ್ಕೊಡುವಾಗ, "ಬರೂ ವರ್ಷ ಲಗೂನ ಬರ್ರಿ," ಎಂದರು. "ಮೂರಕ್ಕೇ ಬರತೀನ್ರಿ ಕಾಕಾ," ಎಂದೆ.

ಆ ದೀಪಾವಳಿಯ ಹೊತ್ತಿಗೆ ಅವರು ಹೋದ ಸುದ್ದಿ ಅವರ ತಂಗಿಯ ಮಗನ ಪತ್ರದಿಂದ ತಿಳಿಯಿತು. ಕಾರ್ಯವೆಲ್ಲ ಮುಗಿದು ಹತ್ತು ದಿನವಾಗಿತ್ತು.

ಮರುವರ್ಷ ಮೇ ತಿಂಗಳ ಒಂದು ರವಿವಾರ, ಹೆಂಡತಿಗೆ ಏನೋ ಕೆಲಸವೆಂದು ಹೇಳಿ ಬೆಳಗಿನ ಬಸ್ಸಿಗೇ ಹೊರಟೆ. ಚಿಕ್ಕೋಡಿಯಲ್ಲಿ ಯಾರ ಕಡೆಗೂ ನೋಡಲಿಲ್ಲ. ಮೂರಕ್ಕೆ ಮುಂಚೆಯೇ ನಿಪ್ಪಾಣಿ ತಲುಪಿದೆ. ಮನೆಗೆ ಬೀಗ ಬಿದ್ದಿತ್ತು, ಹಿತ್ತಲ ಬೇಲಿಯ ಬಾಗಿಲು ಮಾತ್ರ ತೆರೆದಿತ್ತು. ಪಾಟನ್ನು ಯಾರೋ ಒಯ್ದಿದ್ದರು. ಬೀಸುವ ಕಲ್ಲಿನ ಹೋಳು ಅಲ್ಲೇ ನೆಲದ ಮೇಲಿತ್ತು. ಧೂಳು ಒರೆಸಿ ಅದರ ಮೇಲೆ ಕೂತೆ. ನನ್ನ ಕೆಲಸವೇ ಅದಾಗಿತ್ತಲ್ಲ, ಕೂರುವುದು. ಬಿಸಿಲು ಗೋಡೆಯ ಬುಡ ಬಿಟ್ಟು ಅರ್ಧಕ್ಕೆ ಏರಿತು, ಆಮೇಲೆ ತುದಿಗೆ ಏರಿತು. ಅದು ಪೂರ್ತಿ ಹೋಗುವವರೆಗೆ ಕಾದಿದ್ದು, ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆ.